ಎರಡು ಮುಳ್ಳುಗಳು ಒಟ್ಟಿಗೆ ಸುಳ್ಳು ಹೇಳಿದರೆ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳು)



ಸಾಫ್ಟ್‌ವೇರ್ ಬಗ್ಗೆ ಮಾತಾಡು ಎಂದು ಸಮಿತಿಯವರು ಹೇಳಿದ್ದಾರೆ. ಆದರೆ ನಾನು ಲಾರಿಯ ಬಗ್ಗೆ ಮಾತಾಡುತ್ತೇನೆ. ನಮ್ಮಪ್ಪ ಲಾರಿ ಓಡಿಸುತ್ತಿದ್ದದ್ದು ಇಲ್ಲಿರುವ ಬಹಳ ಜನಕ್ಕೆ ಗೊತ್ತು. ಮೂರನೇ ಕೈಯಿಂದ ಕೊಂಡ ಹಳೆಯ ಗಾಡಿ ಅದು.

ನಾನು ಬಿಇ ಎರಡನೇ ವರ್ಷದಲ್ಲಿದ್ದಾಗ ಆ ಗಾಡಿಯ ಮೀಟರುಗಳು ಕೆಟ್ಟವು. ಟ್ಯಾಂಕಿನಲ್ಲಿ ಅರ್ಧ ಡೀಸೆಲ್ ಇದ್ದರೆ ಮುಳ್ಳು ಮುಕ್ಕಾಲು ತೋರಿಸುತ್ತಿತ್ತು. ಅದನ್ನು ನಂಬಿ ಒಂದು ರಾತ್ರಿ ಡೀಸೆಲ್ ಖಾಲಿಯಾಗಿ, ಪೈಪಿನಲ್ಲಿ ಏರ್ ಹಿಡಿದು, ಅಪ್ಪ ರಸ್ತೆಯಲ್ಲೇ ಬೆಳಗು ಮಾಡಿದರು. ಟೆಂಪರೇಚರ್ ಮುಳ್ಳಂತೂ ಯಾವಾಗಲೂ ಕೆಂಪು ಗೆರೆಯ ಹತ್ತಿರ. ಮೊದಮೊದಲು ಗಾಡಿ ನಿಲ್ಲಿಸಿ, ಆರಲು ಬಿಟ್ಟು, ರೇಡಿಯೇಟರ್ ನೋಡುತ್ತಿದ್ದರು. ನೀರು ಸರಿಯಾಗಿಯೇ ಇರುತ್ತಿತ್ತು. ಎಲೆಕ್ಟ್ರಿಷಿಯನ್ ಒಬ್ಬರು ಎಂಜಿನ್ನಿನ ಸೆನ್ಸರ್ ಬದಲಿಸಿದರು, ಟ್ಯಾಂಕಿನ ಫ್ಲೋಟನ್ನೂ ಬದಲಿಸಿದರು. ದುಡ್ಡು ಹೋಯಿತು, ಮುಳ್ಳು ಇಳಿಯಲಿಲ್ಲ. ಕೊನೆಗೆ ಅಪ್ಪ ಅದನ್ನು ನೋಡುವುದನ್ನೇ ಬಿಟ್ಟರು.

ಆಮೇಲೆ ಒಂದು ದಿನ ಮಂಗಳೂರಿನಿಂದ ಹೆಂಚು ತುಂಬಿಕೊಂಡು ಶಿರಾಡಿ ಘಾಟಿ ಹತ್ತುವಾಗ ನಿಜವಾಗಿಯೂ ರೇಡಿಯೇಟರಿನ ಹೋಸ್ ಒಡೆಯಿತು. ಮುಳ್ಳು ಕೆಂಪಿಗೆ ಹೋಗಿತ್ತು. ಅದು ದಿನವೂ ಅಲ್ಲೇ ಇರುವುದಲ್ಲವೇ? ಹೊಗೆ ಕಂಡು ನಿಲ್ಲಿಸುವಷ್ಟರಲ್ಲಿ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ನನ್ನ ಕಾಲೇಜಿನ ಫೀಸಿಗೆಂದು ಇಟ್ಟಿದ್ದ ಹಣ ಗ್ಯಾರೇಜಿಗೆ ಹೋಯಿತು. ಅಮ್ಮ ಹಾಲಿನ ಡೈರಿಯಲ್ಲಿ ಮುಂಗಡ ತಂದು ನನ್ನ ಫೀಸು ಕಟ್ಟಿದರು.

ಎಂಜಿನ್ ರಿಪೇರಿಯಾಗಿ ಬಂದ ಮೇಲೂ ಮುಳ್ಳು ಮೇಲೆಯೇ. ರಜೆಗೆ ಬಂದ ನಾನು ಕ್ಯಾಬಿನ್ನಿನಲ್ಲಿ ಕುಳಿತು ನೋಡುತ್ತಿದ್ದಾಗ ನೆನಪಾದದ್ದು ಕಾಲೇಜಿನ ಪಾಠವಲ್ಲ, ಈ ಶಾಲೆಯ ಹತ್ತನೇ ತರಗತಿ. ಓಮ್‌ನ ನಿಯಮದ ಮೇಲೆ ಒಂದು ಕಿರುಪರೀಕ್ಷೆಯಲ್ಲಿ ನಾವೆಲ್ಲ ಒಂದೇ ಲೆಕ್ಕ ತಪ್ಪು ಮಾಡಿದ್ದೆವು. ಬೆತ್ತ ಬೀಳುತ್ತದೆ ಎಂದು ಕೈ ಚಾಚಲು ತಯಾರಾಗಿದ್ದೆವು. ವಿಜ್ಞಾನದ ಮೇಷ್ಟ್ರು, "ಒಬ್ಬ ತಪ್ಪು ಮಾಡಿದ್ರೆ ತಪ್ಪು ಅವನದು ಕಣ್ರೋ. 40 ಜನವೂ ಒಂದೇ ತಪ್ಪು ಮಾಡಿದ್ರೆ ತಪ್ಪು ಬೋರ್ಡಿನ ಹತ್ರ ಇದೆ" ಎಂದು ಹೇಳಿ, ಟಾರ್ಚಿನ ಸೆಲ್ಲು, ಬಲ್ಬು ತಂದು ಪಾಠವನ್ನು ಮೊದಲಿಂದ ಮಾಡಿದರು.

ಇಲ್ಲಿಯೂ ಅಷ್ಟೇ. ಒಂದೇ ಮೀಟರ್ ಕೆಟ್ಟಿದ್ದರೆ ಅದರ ಸೆನ್ಸರು, ಅದರ ವೈರು ನೋಡಬೇಕು. ಎರಡೂ ಒಟ್ಟಿಗೆ ಕೆಟ್ಟು, ಎರಡೂ ಹೆಚ್ಚೇ ತೋರಿಸುತ್ತಿದ್ದರೆ ಎರಡಕ್ಕೂ ಸೇರಿದ್ದನ್ನು ನೋಡಬೇಕು. ಏರ್ ಬ್ರೇಕಿನ ಮೀಟರ್ ಮಾತ್ರ ಸರಿಯಾಗಿತ್ತು. ಏಕೆಂದರೆ ಅದಕ್ಕೆ ಕರೆಂಟಿನ ಹಂಗಿಲ್ಲ, ನೇರ ಗಾಳಿಯ ಪೈಪು.

ಹಳೆಯ ಗಾಡಿಗಳಲ್ಲಿ ಈ ಮೀಟರುಗಳ ಹಿಂದೆ ಸ್ಟೆಬಿಲೈಸರ್ ಎಂಬ ಸಣ್ಣ ಡಬ್ಬಿ ಇರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಬಿಟ್ಟು ಬಿಟ್ಟು ಕೊಟ್ಟು, ಸರಾಸರಿ 10 ವೋಲ್ಟಿನಷ್ಟು ಮಾಡುವುದು ಅದರ ಕೆಲಸ. ಒಳಗಿರುವುದು ನಿಮ್ಮ ಪಾಠದ ಎರಡು ಲೋಹಗಳ ಪಟ್ಟಿಯೇ. ಬಿಸಿಯಾದರೆ ಬಾಗಿ ಕರೆಂಟು ಕಡಿಯುತ್ತದೆ, ಆರಿದರೆ ಮತ್ತೆ ಕೂಡಿಸುತ್ತದೆ. ಪಟ್ಟಿ ಬಿಸಿಯಾಗಬೇಕಾದರೆ ಡಬ್ಬಿಗೆ ಅರ್ತ್ ಸಿಗಬೇಕು. ಅರ್ತ್ ಸಿಗದಿದ್ದರೆ ಪಟ್ಟಿ ಬಾಗುವುದೇ ಇಲ್ಲ, ಪೂರ್ತಿ ವೋಲ್ಟೇಜ್ ಮೀಟರಿಗೆ ಹೋಗುತ್ತದೆ. ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ವೋಲ್ಟೇಜ್ ಹೆಚ್ಚಿದರೆ ಕರೆಂಟು ಹೆಚ್ಚು, ಮುಳ್ಳೂ ಮೇಲೆ.

"ಅಪ್ಪ, ಇದು ಶುರುವಾಗಿದ್ದು ಯಾವಾಗ?" ಎಂದು ಕೇಳಿದೆ. "ಎಫ್‌ಸಿಗೆ ಅಂತ ಪೇಂಟ್ ಹೊಡೆಸಿದ್ನಲ್ಲ, ಆಗಿಂದ ಕಣೋ" ಎಂದರು. ಸ್ಟೆಬಿಲೈಸರ್ ಕೂತಿದ್ದ ತಗಡಿಗೂ ಪೇಂಟ್ ಬಳಿದು, ಅದರ ಮೇಲೆಯೇ ಸ್ಕ್ರೂ ಬಿಗಿದಿದ್ದರು. ಪೇಂಟಿನ ಮೂಲಕ ಕರೆಂಟು ಹರಿಯುವುದಿಲ್ಲ. ಖಾತ್ರಿ ಮಾಡಿಕೊಳ್ಳಲು ಡಬ್ಬಿಯ ಮೈಯಿಂದ ಬ್ಯಾಟರಿಯ ಮೈನಸ್ಸಿಗೆ ಒಂದು ವೈರು ಹಿಡಿದೆ. ಎರಡೂ ಮುಳ್ಳುಗಳು ನಿಧಾನಕ್ಕೆ ಇಳಿದು ತಮ್ಮ ಜಾಗಕ್ಕೆ ಬಂದವು. ಆಮೇಲೆ ಉಪ್ಪುಕಾಗದದಲ್ಲಿ ಪೇಂಟ್ ಉಜ್ಜಿ ಸ್ಕ್ರೂ ಬಿಗಿದೆ. ಕೆಲಸ ಮುಗಿಯಿತು. ಅಪ್ಪ ಬಹಳ ಹೊತ್ತು ಮೀಟರನ್ನೇ ನೋಡಿ, "ಇಷ್ಟೇನಾ?" ಎಂದರು. ಆ "ಇಷ್ಟೇನಾ" ಇವತ್ತಿಗೂ ನನ್ನ ಕಿವಿಯಲ್ಲಿದೆ. ಅವರಿಗೆ ಹೋದದ್ದು ಇಷ್ಟು ಆಗಿರಲಿಲ್ಲ.

ಈಗ ನಾನು ನೋಡುವ ಕಂಪ್ಯೂಟರ್ ಪರದೆಯನ್ನೂ ಡ್ಯಾಶ್‌ಬೋರ್ಡ್ ಎಂದೇ ಕರೆಯುತ್ತೇವೆ. ಅದರಲ್ಲೂ ಕೆಂಪು, ಹಸಿರು. ಹೊಸಬರು "ಈ ಕೆಂಪು ಯಾವಾಗಲೂ ಇರುತ್ತೆ ಸರ್, ಬಿಡಿ" ಎಂದರೆ ನನಗೆ ಶಿರಾಡಿ ನೆನಪಾಗುತ್ತದೆ. ಕೆಟ್ಟು ನಿಂತ ಮೀಟರಿಗಿಂತ ಸುಳ್ಳು ಹೇಳುವ ಮೀಟರ್ ಅಪಾಯ. ಅದು ನೋಡದೇ ಇರುವುದನ್ನು ನಮಗೆ ಕಲಿಸಿಬಿಡುತ್ತದೆ.

ಮಕ್ಕಳೇ, ಏನಾದರೂ ಕೆಟ್ಟರೆ ಮೂರು ಪ್ರಶ್ನೆ ಕೇಳಿ: ಯಾವಾಗಿಂದ ಕೆಟ್ಟಿತು? ಅದಕ್ಕೆ ಮೊದಲು ಏನು ಬದಲಾಯಿತು? ಅದರ ಜೊತೆ ಮತ್ತೇನು ಕೆಟ್ಟಿದೆ? ಸಾಮಾನು ಬದಲಿಸುವುದು ಆಮೇಲೆ.

ನಮ್ಮ ಬ್ಯಾಚಿನ ಗೆಳೆಯರು ಸೇರಿ ಶಾಲೆಯ ಪ್ರಯೋಗಾಲಯಕ್ಕೆ 10 ಮಲ್ಟಿಮೀಟರ್ ಕೊಡುತ್ತಿದ್ದೇವೆ. ಮೇಷ್ಟ್ರುಗಳಲ್ಲಿ ಒಂದೇ ವಿನಂತಿ: ಬೀರುವಿನಲ್ಲಿಟ್ಟು ಬೀಗ ಹಾಕಬೇಡಿ. ಒಂದೆರಡು ಸುಟ್ಟುಹೋದರೂ ಚಿಂತೆಯಿಲ್ಲ, ಮಕ್ಕಳ ಕೈಗೆ ಕೊಡಿ.