ಹೋಲ್ಡಾಲ್ ಅಟ್ಟ ಸೇರಿದ ಕಥೆ

ಹಳೆಯ ಮನೆಗಳ ಅಟ್ಟದಲ್ಲಿ ಇಂದಿಗೂ ಕೆಲವು ಕಡೆ ಒಂದು ಖಾಕಿ ಸುರುಳಿ ಸಿಗುತ್ತದೆ. ದಪ್ಪ ಕ್ಯಾನ್ವಾಸ್ ಬಟ್ಟೆ, ಎರಡು ಚರ್ಮದ ಪಟ್ಟಿ, ನಡುವೆ ಹಿಡಿ. ಅದೇ ಹೋಲ್ಡಾಲ್. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ಅಜ್ಜಿಯ ಊರಿಗೆ ಹೊರಟರೆ ಮೊದಲು ಅಟ್ಟದಿಂದ ಇಳಿಯುತ್ತಿದ್ದದ್ದು ಅದು. ಹಾಸಿಗೆ, ದಿಂಬು, ಹೊದಿಕೆ ನಡುವೆ. ತುದಿಯ ಜೇಬುಗಳಲ್ಲಿ ಮಕ್ಕಳ ಚಪ್ಪಲಿ, ಟವೆಲ್ಲು.

ಮನೆಯ ಹಾಸಿಗೆಯನ್ನೇ ಯಾಕೆ ಹೊರಬೇಕಿತ್ತು? 1853ರ ಏಪ್ರಿಲ್ 16ರಂದು ಮುಂಬಯಿಯ ಬೋರಿ ಬಂದರಿನಿಂದ ಠಾಣೆಗೆ ಪ್ರಯಾಣಿಕರ ರೈಲು ಓಡಿತು. 1864ರಲ್ಲಿ ಜೋಲಾರಪೇಟೆ ಕಡೆಯಿಂದ ಬೆಂಗಳೂರು ದಂಡಿಗೂ ಹಳಿ ಬಂತು. ಆದರೆ ಬಡವರೂ ಮಧ್ಯಮವರ್ಗದವರೂ ಹತ್ತುತ್ತಿದ್ದ ಮೂರನೇ ದರ್ಜೆಯಲ್ಲಿ ಇದ್ದದ್ದು ಬರೀ ಮರದ ಹಲಗೆ. ಇಡೀ ರಾತ್ರಿ ಮಗುವನ್ನು ಅದರ ಮೇಲೆ ಮಲಗಿಸುವುದು ಹೇಗೆ? 1974ರಲ್ಲಿ ಮೂರನೇ ದರ್ಜೆ ರದ್ದಾಯಿತು. ಹಲಗೆ ಮಾತ್ರ ಉಳಿಯಿತು. 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆಯವರು ಎರಡನೇ ದರ್ಜೆಯ ಬರ್ತುಗಳಿಗೆ 2 ಇಂಚು ದಪ್ಪದ ಫೋಮ್ ಹಾಕಿಸತೊಡಗಿದರು. ಹೋಲ್ಡಾಲ್ ಅಟ್ಟ ಸೇರಲು ಆ ಎರಡು ಇಂಚಿನ ಪಾಲು ದೊಡ್ಡದು ಎಂದು ನನ್ನ ನಂಬಿಕೆ.

ಕೈಗೂಸಿದ್ದರೆ ಜೊತೆಗೆ ಹಳೆಯ ನೂಲಿನ ಸೀರೆಗಳು. ಮೇಲಿನ ಬರ್ತಿಗೆ ಬಿಗಿದು ಕಟ್ಟಿದರೆ ಜೋಲಿ, ಹರಿದರೆ ಕೂಸಿನ ಬಟ್ಟೆ, ಕಿಟಕಿಗೆ ಇಳಿಬಿಟ್ಟರೆ ಬಿಸಿಲಿಗೆ ಮರೆ. ನೀರಿಗೆ ತಿರುಗಿಸಿ ಮುಚ್ಚುವ ಹಿತ್ತಾಳೆ ಕೂಜಾ. ಮಕ್ಕಳಿಗೆಂದು ಕಾಯಿಸಿ ಆರಿಸಿದ ನೀರು ಅದರಲ್ಲಿ.

ಇನ್ನು ಬುತ್ತಿ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕೆಂದರೆ ನಮ್ಮ ಅಜ್ಜಿಯರ ಲೆಕ್ಕಾಚಾರ ಎದ್ದು ಕಾಣುವುದು ಇಲ್ಲೇ. ದಾರಿಯ ಮೊಸರನ್ನಕ್ಕೆ ಮೊಸರು ಕಡಿಮೆ, ಹಾಲು ಹೆಚ್ಚು. ಬಿಸಿ ಅನ್ನವನ್ನು ಹಾಲಿನಲ್ಲಿ ಕಿವುಚಿ, ಉಗುರುಬೆಚ್ಚಗಾದ ಮೇಲೆ ಒಂದು ಚಮಚ ಹೆಪ್ಪು ಬೆರೆಸಿ ಡಬ್ಬಿ ಮುಚ್ಚುವುದು. ರೈಲು ಓಡುತ್ತಿದ್ದಂತೆ ಹಾಲು ಡಬ್ಬಿಯಲ್ಲೇ ಹೆಪ್ಪುಗಟ್ಟುತ್ತದೆ. ಮಗು ಉಣ್ಣುವ ಹೊತ್ತಿಗೆ ಅನ್ನ ಹುಳಿಯಾಗಿರುವುದಿಲ್ಲ. ದೊಡ್ಡವರಿಗೆ ಪುಳಿಯೋಗರೆ. ಹುಣಸೆಯ ಹುಳಿ, ಎಣ್ಣೆ, ಉಪ್ಪು ಸೇರಿ ಅನ್ನ ಬೇಗ ಹಳಸದಂತೆ ಕಾಯುತ್ತವೆ. ಉತ್ತರ ಕರ್ನಾಟಕದವರು ಚಕ್ಕಡಿ ಹೂಡಿ ಸವದತ್ತಿ ಯಲ್ಲಮ್ಮನ ಜಾತ್ರೆಗೆ ಹೊರಟರೆ ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ನೀರಿನ ಪಸೆಯೇ ಇಲ್ಲದ ಮೇಲೆ ಕೆಡುವುದು ಹೇಗೆ?

ಪೆಟ್ಟಿಗೆಗೆ ಚಕ್ರ ಬಂದದ್ದೂ ಒಂದು ಕುಟುಂಬದ ಪ್ರವಾಸದಿಂದಲೇ. 1970ರಲ್ಲಿ ಅಮೆರಿಕದ ಬರ್ನಾರ್ಡ್ ಸಾಡೋ ಹೆಂಡತಿ ಮಕ್ಕಳೊಂದಿಗೆ ಅರೂಬಾ ದ್ವೀಪದಿಂದ ಮರಳುತ್ತಿದ್ದರು. ವಿಮಾನ ನಿಲ್ದಾಣದಲ್ಲಿ ಎರಡು ಭಾರದ ಸೂಟ್‌ಕೇಸ್ ಎಳೆದು ಸುಸ್ತಾಗಿದ್ದಾಗ, ಕೆಲಸಗಾರನೊಬ್ಬ ಚಕ್ರದ ಹಲಗೆಯ ಮೇಲೆ ಯಂತ್ರವೊಂದನ್ನು ಸಲೀಸಾಗಿ ತಳ್ಳಿಕೊಂಡು ಹೋದ. ಅದನ್ನು ಕಂಡು ಸೂಟ್‌ಕೇಸಿಗೆ ಚಕ್ರ ಹಾಕಿದ ಸಾಡೋಗೆ 1972ರಲ್ಲಿ ಪೇಟೆಂಟ್ ಸಿಕ್ಕಿತು. 1987ರಲ್ಲಿ ರಾಬರ್ಟ್ ಪ್ಲಾತ್ ಎಂಬ ಪೈಲಟ್ ಅದನ್ನು ನೆಟ್ಟಗೆ ನಿಲ್ಲಿಸಿ ಉದ್ದ ಹಿಡಿ ಕೊಟ್ಟರು. ಇಂದಿನ ಟ್ರಾಲಿ ಅದೇ.

ಆದರೆ ಮಕ್ಕಳ ಗಂಟುಮೂಟೆಯ ಚರಿತ್ರೆಯಲ್ಲಿ ಚಕ್ರಕ್ಕಿಂತ ದೊಡ್ಡ ವಸ್ತು ಇನ್ನೊಂದಿದೆ. 1971. ಬಾಂಗ್ಲಾದೇಶದ ಯುದ್ಧ. ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ಶಿಬಿರ, ಎಲ್ಲೆಲ್ಲೂ ಕಾಲರಾ. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಿತ್ತು. ಮಕ್ಕಳ ವೈದ್ಯ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಶೇಕಡಾ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ತೀರಿಕೊಂಡ ಮೇಲೆ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂತು. ಆ ನೀರಿನ ಸುಧಾರಿತ ಪುಡಿರೂಪವೇ ಇವತ್ತಿನ ಓಆರ್‌ಎಸ್. 1 ಲೀಟರಿನ ಪೊಟ್ಟಣದ ತೂಕ ಸುಮಾರು 20 ಗ್ರಾಂ.

ದಾರಿಯಲ್ಲಿ ಮಗುವಿಗೆ ವಾಂತಿ ಭೇದಿ ಶುರುವಾದರೆ ಟ್ರಾಲಿಯ ಹೊಸ ಬಟ್ಟೆಗಳೆಲ್ಲ ಸೇರಿದರೂ ಆ ಪೊಟ್ಟಣಕ್ಕೆ ಸಮವಾಗವು. ಈ ರಜೆಗೆ ಹೊರಡುವ ಮುನ್ನ ಮಗುವಿನ ಚೀಲದಲ್ಲಿ ಎರಡು ಪೊಟ್ಟಣ ಇಡಿ. ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ ಕೊಳ್ಳಿ. ರುಚಿರುಚಿಯ ಸಿಹಿ ಪಾನೀಯ ಬೇಡ. 1 ಲೀಟರ್ ಎಂದಿದ್ದರೆ ಇಡೀ ಪೊಟ್ಟಣವನ್ನು ಕಾಯಿಸಿ ಆರಿಸಿದ 1 ಲೀಟರ್ ನೀರಿಗೇ ಕಲಸಿ, ಚಮಚ ಚಮಚವಾಗಿ ಕುಡಿಸಿ, ವೈದ್ಯರ ಬಳಿಗೆ ಕರೆದೊಯ್ಯಿರಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿಬಿಡಿ.