ಗಡಿ ದಾಟುವ ವೈದ್ಯವಾಣಿ



ನಮ್ಮಲ್ಲಿ ಅನೇಕರ ಮನೆ ಉತ್ತರ ಪ್ರದೇಶದ ನೋಯ್ಡಾದಲ್ಲಿ, ಕೆಲಸ ದೆಹಲಿಯಲ್ಲಿ, ನಂಟರು ಹರಿಯಾಣದ ಗುರುಗ್ರಾಮದಲ್ಲಿ. ದಿನವೂ ಗಡಿ ದಾಟುವ ನಮಗೆ ಗಡಿಯ ಅರಿವೇ ಇಲ್ಲ. ಆದರೆ ಊರಿನಿಂದ ಬಂದ ವೃದ್ಧ ತಾಯಿಗೆ ಕಾಲು ಜೋಮು ಹಿಡಿದಾಗ, ಬೆನ್ನು ಚಳುಕು ಹೊಡೆದಾಗ, ಅದನ್ನು ಹಿಂದಿಯಲ್ಲಿ ಹೇಳುವ ಬಗೆ ಹೇಗೆ? ಅವರ ಮನಸ್ಸು ಊರಿನ ವೈದ್ಯರನ್ನೇ ನೆನೆಯುತ್ತದೆ.

ಆ ವೈದ್ಯರು ಟೆಲಿಫೋನಿನಲ್ಲಿ ಔಷಧ ಹೇಳಬಹುದೆ? ಕನ್ನಡ ನಾಡು ಒಂದಾದ 1956ರಲ್ಲಿಯೇ ಬಂದ ವೈದ್ಯ ಪರಿಷತ್ತಿನ ಕಾಯಿದೆಯು, ಭಾರತೀಯ ದಾಖಲೆಯಲ್ಲಿ ಹೆಸರಿದ್ದವರು ದೇಶದ ಎಲ್ಲಿಯಾದರೂ ವೃತ್ತಿ ನಡೆಸಬಹುದೆಂದಿತು. ಆದರೂ ದೆಹಲಿಯ 1997ರ ಕಾಯಿದೆಯಂತೆ ಇಲ್ಲಿ ವೃತ್ತಿ ನಡೆಸಲು ಇಲ್ಲಿಯ ನೋಂದಣಿ ಬೇಕು. ದೂರದಿಂದ ಚಿಕಿತ್ಸೆ ಹೇಳುವವರ ವಿಷಯದಲ್ಲಿ ಸ್ಪಷ್ಟ ನಿಯಮವೇ ಇರಲಿಲ್ಲ. 2018ರಲ್ಲಿ ಬೊಂಬಾಯಿ ಹೈಕೋರ್ಟು, ಟೆಲಿಫೋನಿನಲ್ಲಿ ಔಷಧ ಸೂಚಿಸಿದ್ದ ಪ್ರಕರಣವೊಂದರಲ್ಲಿ ವೈದ್ಯರಿಗೆ ನಿರೀಕ್ಷಣಾ ಜಾಮೀನು ನಿರಾಕರಿಸಿದ ಮೇಲೆ ವೈದ್ಯರು ಅಳುಕಿದರು.

2020ರ ಮಾರ್ಚ್ 25ರಂದು ದೂರವೈದ್ಯದ ಮಾರ್ಗಸೂಚಿ ಬಂದಿತು. ನೋಂದಾಯಿತ ವೈದ್ಯರು ಭಾರತದ ಯಾವ ಭಾಗದ ರೋಗಿಗೂ ಸಲಹೆ ನೀಡಬಹುದೆಂದು ಅದು ಸಾರಿತು. ವಿಚಿತ್ರವೆಂದರೆ, ಅದೇ ದಿನಗಳಲ್ಲಿ ತಲಪಾಡಿಯ ಗಡಿ ಮುಚ್ಚಿ, ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಗಳೇ ದೂರವಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ದಾರಿ ತೆರೆಯಲು ಆಜ್ಞೆ ಮಾಡಬೇಕಾಯಿತು. ಮಾತು ದಾಟಿದ ಗಡಿಯನ್ನು ರೋಗಿ ದಾಟಲಾರದೆ ಹೋದನು!

ನಮ್ಮ ಮನೆಯ ಅನುಭವವನ್ನೂ ಹೇಳುತ್ತೇವೆ. ಶಿವಮೊಗ್ಗದ ವೈದ್ಯರು ವೀಡಿಯೋದಲ್ಲಿ ನೋಡಿ ಕಳುಹಿದ ಚೀಟಿಯನ್ನು ನೆರೆಯ ಔಷಧದಂಗಡಿಯವರು "ಬೇರೆ ರಾಜ್ಯದ್ದು" ಎಂದು ಹಿಂತಿರುಗಿಸಿದರು. ವೈದ್ಯರ ಸಹಿಯನ್ನೂ ನೋಂದಣಿ ಸಂಖ್ಯೆಯನ್ನೂ, ಮಾರ್ಗಸೂಚಿಯನ್ನೂ ತೋರಿಸಿದ ಮೇಲೆ ಔಷಧ ಕೊಟ್ಟರು. ಬ್ಯಾಂಕಿನವರಾದ ನಮಗೆ ಅದು ಹೊಸದಲ್ಲ. ಹುಬ್ಬಳ್ಳಿಯ ಚೆಕ್ಕು ದೆಹಲಿಯಲ್ಲಿ ನಗದಾಗುವುದು ಸಹಿ ಮತ್ತು ಸಂಖ್ಯೆಯ ಬಲದಿಂದಲೇ ಅಲ್ಲವೆ?

ಎಲ್ಲಕ್ಕೂ ಇದು ಮದ್ದಲ್ಲ. ಎದೆನೋವು ಬಂದರೆ ಹತ್ತಿರದ ಆಸ್ಪತ್ರೆಗೇ ಓಡಬೇಕು. ಮಾದಕ ಗುಣದ ಔಷಧಗಳನ್ನು ಹೀಗೆ ಬರೆಯುವಂತಿಲ್ಲ. ವಿದೇಶದಲ್ಲಿರುವ ರೋಗಿಗಳಿಗೆ ಸಲಹೆ ನೀಡುವುದು ಈ ಮಾರ್ಗಸೂಚಿಗೆ ಒಳಪಟ್ಟಿಲ್ಲ.

ನಮ್ಮ ತರುಣರು ನೆರೆಯ ಹಿರಿಯರ ಬಳಿ ಕುಳಿತು ವೀಡಿಯೋ ಜೋಡಿಸಿಕೊಡಲಿ, ಹಳೆಯ ಚೀಟಿಗಳನ್ನು ಜೋಪಾನವಾಗಿಡಲಿ. ತಾಯಿಯ ನೋವು ತಾಯ್ನುಡಿಯಲ್ಲಿ ವೈದ್ಯರ ಕಿವಿ ಮುಟ್ಟಿದರೆ, ರಾಜ್ಯೋತ್ಸವಕ್ಕೆ ಅದಕ್ಕಿಂತ ಹೆಚ್ಚಿನ ಸೇವೆ ಯಾವುದು?