ಬಾಡಿಗೆ ಮನೆಯೂ ಗೋಡೆಯಾಚೆಯ ಸದ್ದೂ



ಸಂಸ್ಕೃತದ ಶಬ್ದವೇ ಕನ್ನಡದಲ್ಲಿ ಸದ್ದು ಎಂಬ ತದ್ಭವವಾಯಿತು. ಘಟಪ್ರಭೆ ಧುಮುಕುವ ಸದ್ದನ್ನು ಕೇಳಲು ಜನ ದೂರದಿಂದ ಗೋಕಾಕಕ್ಕೆ ಬರುವುದುಂಟು. ಗೋಡೆಯಾಚೆಯಿಂದ ನಡುರಾತ್ರಿ ಬರುವ ಸದ್ದನ್ನಾದರೋ ಯಾರೂ ಬೇಡುವುದಿಲ್ಲ.

ಗೋಕಾಕ, ಮೂಡಲಗಿ, ಹುಕ್ಕೇರಿಗಳಿಗೆ ನೌಕರಿಗಾಗಿ ಬಂದ ಅನೇಕರು ಬಾಡಿಗೆ ಮನೆಗಳಲ್ಲಿರುತ್ತಾರೆ. ಕೆಳಗೆ ಖಾರ ಕುಟ್ಟುವ ಗಿರಣಿ; ಪಕ್ಕದಲ್ಲಿ ಅಬ್ಬರದ ಟೀವಿ. ಮಕ್ಕಳು ಪರೀಕ್ಷೆಗೆ ಓದಬೇಕು, ವೃದ್ಧರು ಮಲಗಬೇಕು. ಆದರೂ ಬಾಡಿಗೆಯವರು ಬಾಯಿ ತೆರೆಯರು. ಮಾಲೀಕರು "ಮನಿ ಬಿಡ್ರಿ" ಎಂದುಬಿಟ್ಟರೆ ಎಂಬ ಅಂಜಿಕೆ.

ಬಾಡಿಗೆ ಕೊಡುವವನು ನಿರ್ಗತಿಕನಲ್ಲ. 1882ರ ಸ್ವತ್ತು ವರ್ಗಾವಣೆ ಕಾಯದೆಯ 108ನೆಯ ಕಲಮಿನಂತೆ, ಬಾಡಿಗೆ ಸಲ್ಲಿಸಿ ಕರಾರಿನಂತೆ ನಡೆಯುವವನು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಮನೆಯಲ್ಲಿರಬಹುದು. ಮಾಲೀಕರೇ ಅಡ್ಡಿ ಮಾಡಿದರೆ ಕೇಳುವ ಹಕ್ಕು ಅವನಿಗುಂಟು. ಆದರೆ ಓಣಿಯ ಗದ್ದಲಕ್ಕೆಲ್ಲ ಮಾಲೀಕರನ್ನೇ ಹೊಣೆ ಮಾಡಲು ಬಾರದು.

ಅದಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ರಾತ್ರಿಯೆಂದರೆ 10 ಗಂಟೆಯಿಂದ ಬೆಳಗಿನ 6ರವರೆಗೆ. ಆ ವೇಳೆಯಲ್ಲಿ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಹಬ್ಬಗಳಿಗಾಗಿ ಸರಕಾರವು ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು.

ಹಾಗೆಂದು ಮೊದಲ ದಿನವೇ ಪೋಲೀಸರ ಕಡೆಗೆ ಓಡಬೇಕೆ? ಬೇಡ. ಮೊದಲು ಬಾಯಿಮಾತು: "ಅಣ್ಣಾರ, ಹುಡುಗನ ಪರೀಕ್ಷಾ ಐತ್ರಿ, ಸ್ವಲ್ಪ ಸಣ್ಣ ಮಾಡ್ರಿ." ಎಷ್ಟೋ ಸಲ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಸದ್ದಿನ ದಿನ, ವೇಳೆಗಳನ್ನು ಬರೆದಿಡಿ. ಮಾಲೀಕರಿಗೆ ತಾರೀಖು ಹಾಕಿ ಪತ್ರ ಕೊಡಿ, ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಗಿರಣಿಯ ಸದ್ದಾದರೆ ಪರವಾನಿಗೆ ಕೊಡುವ ನಗರಸಭೆಗೆ ಅಥವಾ ಪುರಸಭೆಗೆ ಅರ್ಜಿ ಬರೆಯಬಹುದು. ರಾತ್ರಿಯ ಗದ್ದಲ ನಿಲ್ಲದಿದ್ದರೆ 112ಕ್ಕೆ ಫೋನು ಮಾಡಬಹುದು.

ಇನ್ನು ಮನೆ ಬಿಡಿಸುವ ಅಂಜಿಕೆ. ಬೇರೆ ಕರಾರಿಲ್ಲದ ತಿಂಗಳ ಬಾಡಿಗೆಗೂ ಸಾಮಾನ್ಯವಾಗಿ 15 ದಿನಗಳ ಬರಹದ ನೋಟೀಸು ಬೇಕು. ನೋಟೀಸು ಕೊಟ್ಟ ಮಾತ್ರಕ್ಕೆ ಸಾಮಾನನ್ನು ಹೊರಗೆಸೆದು ಬೀಗ ಹಾಕಲು ಬರುವುದಿಲ್ಲ. ಒಪ್ಪಿಗೆಯಿಲ್ಲದೆ, ಕಾಯದೆಯ ಕ್ರಮ ಬಿಟ್ಟು ಹೊರಹಾಕಿದರೆ, 1963ರ ಕಾಯದೆಯೊಂದರಂತೆ 6 ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಬಾಡಿಗೆಯ ಪಾವತಿಗಳನ್ನು ಜೋಪಾನವಾಗಿಡಿ. ಸಿಟ್ಟಿಗೆದ್ದು ಬಾಡಿಗೆ ನಿಲ್ಲಿಸಬೇಡಿ. ನಿಲ್ಲಿಸಿದರೆ ನ್ಯಾಯ ಅವರ ಕಡೆಗೆ ವಾಲೀತು.

ಕೊನೆಯದಾಗಿ, ನಾವೂ ಯಾರಿಗೋ ನೆರೆಯವರೇ. ಈ ಭಾಷಣ ಕೇಳುವಾಗಲೂ ರೇಡಿಯೋದ ದನಿ ನಮ್ಮ ಗೋಡೆಯೊಳಗೇ ಇರಲಿ.